ಪೋಕೆಗೇರ್ ಬಳಸುವುದು ಹೇಗೆ? ಗಡಿಯಾರದಿಂದಲೇ ಶುರು ಮಾಡಿ

ಯೂನಿಯನ್ ಕೇವ್ ಅನ್ನುವ ಗುಹೆಯ ತಳದಲ್ಲಿ ಒಂದು ಕೊಳ ಇದೆ. ಶುಕ್ರವಾರ ಹೋದರೆ ಆ ನೀರಿನ ಮೇಲೆ ಲ್ಯಾಪ್ರಸ್ ಅನ್ನುವ ಒಂದು ಪೋಕೆಮಾನ್ ಪ್ರಾಣಿ ತೇಲುತ್ತಾ ಇರುತ್ತದೆ. ಗುರುವಾರ ಹೋದರೆ ಬರೀ ನೀರು. ಶನಿವಾರವೂ ಅಷ್ಟೇ. ಪೋಕೆಮಾನ್ ಗೋಲ್ಡ್ ಅನ್ನುವ ಈ ವಿಡಿಯೊ ಆಟವನ್ನು ಮೊದಲ ಸಲ ಆಡಿದಾಗ ನನಗೆ ಇದು ಗೊತ್ತಿರಲಿಲ್ಲ. ಶುರುವಿನಲ್ಲಿ ಗಂಟೆ ಎಷ್ಟು ಎಂದು ಕೇಳಿದ್ದಕ್ಕೆ ಸುಮ್ನೆ ಗುಂಡಿ ಒತ್ತಿ ಮುಂದೆ ಹೋಗಿದ್ದೆ. ಇವತ್ತು ಯಾವ ವಾರ ಎಂದು ಕೇಳಿದಾಗಲೂ ಹಾಗೇ ಮಾಡಿದ್ದೆ. ಆಮೇಲೆ ತಿಂಗಳುಗಟ್ಟಲೆ ನನ್ನ ಆಟದಲ್ಲಿ ಮಟಮಟ ಮಧ್ಯಾಹ್ನ ಕತ್ತಲೆ. ನನಗೆ ಮಂಗಳವಾರ ಆದರೆ ಅಲ್ಲಿ ಭಾನುವಾರ. ಅರ್ಧ ಆಟ ನನ್ನ ಕಣ್ಣಿಗೇ ಬೀಳಲಿಲ್ಲ.

ಆ ಗಡಿಯಾರ ಇರುವುದು ಪೋಕೆಗೇರ್‌ನಲ್ಲಿ. ಆಟದೊಳಗೆ ನಮ್ಮ ಪಾತ್ರ ಜೊತೆಯಲ್ಲೇ ಇಟ್ಟುಕೊಂಡು ತಿರುಗುವ ಪುಟ್ಟ ಸಾಧನ ಇದು. ಗಡಿಯಾರ, ಫೋನ್, ಮ್ಯಾಪ್, ರೇಡಿಯೊ ನಾಲ್ಕೂ ಒಂದರಲ್ಲೇ. ಗೇಮ್ ಫ್ರೀಕ್ ಕಂಪನಿ ಮಾಡಿದ ಗೋಲ್ಡ್ ಮತ್ತು ಸಿಲ್ವರ್ ಆಟಗಳು ಜಪಾನಿನಲ್ಲಿ ಬಂದದ್ದು 1999ರ ನವೆಂಬರ್‌ನಲ್ಲಿ. ಒಂದೇ ಸಾಧನದಲ್ಲಿ ಇಷ್ಟೆಲ್ಲ ಇಟ್ಟುಕೊಂಡು ಓಡಾಡುವುದು ಆಗ ನಮ್ಮಲ್ಲಿ ಕನಸಿನ ಮಾತು. ಮುಂದಿನ ವರ್ಷ ಕ್ರಿಸ್ಟಲ್ ಬಂತು. 2009ರಲ್ಲಿ ಇದೇ ಕತೆಯನ್ನು ಹೊಸದಾಗಿ ಮಾಡಿ ಹಾರ್ಟ್‌ಗೋಲ್ಡ್, ಸೋಲ್‌ಸಿಲ್ವರ್ ಹೆಸರಿನಲ್ಲಿ, ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ ಡಿಎಸ್‌ಗೆ ತಂದರು. ನಾನು ಇಲ್ಲಿ ಹೇಳುವುದು ಮುಖ್ಯವಾಗಿ ಹಳೆಯ ಗೋಲ್ಡ್, ಸಿಲ್ವರ್ ಬಗ್ಗೆ. ಹೊಸದರಲ್ಲಿ ಬೇರೆ ಇರುವ ಕಡೆ ಹೇಳುತ್ತೇನೆ.

ಹಂತ 1: ಗಂಟೆ, ವಾರ ಎರಡೂ ನಿಜ ಹೇಳಿ

ಹೊಸ ಆಟ ಶುರು ಮಾಡಿದ ಕೂಡಲೇ ನಿದ್ದೆಗಣ್ಣಿನ ಪ್ರೊಫೆಸರ್ ಓಕ್ ಗಂಟೆ ಎಷ್ಟಾಯಿತು ನೋಡು ಅನ್ನುತ್ತಾರೆ. ಮೇಲೆ ಕೆಳಗೆ ಒತ್ತಿ ಗಂಟೆ ಹಾಕಿ, ಆಮೇಲೆ ನಿಮಿಷ ಹಾಕಿ. ಮೊಬೈಲ್ ನೋಡಿಕೊಂಡೇ ಹಾಕಿ. ಹಗಲು, ರಾತ್ರಿ ಅದಲುಬದಲು ಆಗದಂತೆ ನೋಡಿಕೊಳ್ಳಿ.

ಆಮೇಲೆ ನ್ಯೂ ಬಾರ್ಕ್ ಟೌನ್‌ನ ನಿಮ್ಮ ಮನೆಯಲ್ಲಿ ಮಹಡಿಯಿಂದ ಇಳಿದು ಬಂದರೆ ಅಮ್ಮ ಪೋಕೆಗೇರ್ ಕೊಡುತ್ತಾಳೆ. ಯಾವ ವಾರ ಎಂದು ಕೇಳುವವಳು ಅವಳೇ. ಹಿಂದೆಯೇ ಇನ್ನೊಂದು ಪ್ರಶ್ನೆ ಬರುತ್ತದೆ. ಈಗ ಡೇಲೈಟ್ ಸೇವಿಂಗ್ ಟೈಮ್ ನಡೆಯುತ್ತಿದೆಯಾ ಎಂದು. ಭಾರತದಲ್ಲಿ ಕೂತು ಆಡುವವರು ಕಣ್ಣುಮುಚ್ಚಿ 'ಇಲ್ಲ' ಅನ್ನಬಹುದು. ನಮ್ಮಲ್ಲಿ ಗಡಿಯಾರವನ್ನು ಬೇಸಿಗೆಗೆ ಮುಂದೆ, ಚಳಿಗಾಲಕ್ಕೆ ಹಿಂದೆ ಮಾಡುವ ಪದ್ಧತಿ ಇಲ್ಲ. ಅಮೆರಿಕ, ಇಂಗ್ಲೆಂಡ್ ಕಡೆ ಇರುವ ಕನ್ನಡದವರು ಮಾತ್ರ ಆ ದಿನದ ಲೆಕ್ಕ ನೋಡಿ ಉತ್ತರ ಕೊಡಬೇಕು.

ಇಷ್ಟು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಈ ಆಟದ ಜಗತ್ತು ನಡೆಯುವುದೇ ಆ ಗಡಿಯಾರದ ಮೇಲೆ. ಬೆಳಿಗ್ಗೆ 4ರಿಂದ 10ರವರೆಗೆ ಮುಂಜಾನೆ. 10ರಿಂದ ಸಂಜೆ 6ರವರೆಗೆ ಹಗಲು. ಅಲ್ಲಿಂದ ಮುಂದೆ ರಾತ್ರಿ. ರೂಟ್ 29 ಅನ್ನುವ ದಾರಿಯ ಹುಲ್ಲಿನಲ್ಲಿ ಹಗಲು ಪಿಜಿ ಸಿಕ್ಕುವ ಕಡೆ ರಾತ್ರಿ ಹೂಟ್‌ಹೂಟ್ ಸಿಕ್ಕುತ್ತದೆ. ನ್ಯಾಷನಲ್ ಪಾರ್ಕ್‌ನಲ್ಲಿ ಹುಳು ಹಿಡಿಯುವ ಸ್ಪರ್ಧೆ ಮಂಗಳವಾರ, ಗುರುವಾರ, ಶನಿವಾರ ಮಾತ್ರ. ವಾರದ ಏಳು ದಿನಕ್ಕೆ ಏಳು ಜನ ಅಣ್ಣ ತಮ್ಮ ಅಕ್ಕ ತಂಗಿಯರು ಇದ್ದಾರೆ. ಒಬ್ಬೊಬ್ಬರು ಅವರವರ ದಿನ ಒಂದೊಂದು ಕಡೆ ನಿಂತಿರುತ್ತಾರೆ, ಮಾತಾಡಿಸಿದರೆ ಒಂದು ವಸ್ತು ಕೊಡುತ್ತಾರೆ. ಹಣ್ಣಿನ ಮರ ದಿನಕ್ಕೊಂದೇ ಹಣ್ಣು ಬಿಡುತ್ತದೆ. ಗಡಿಯಾರ ತಪ್ಪಿದರೆ ಇವೆಲ್ಲ ನೀವು ಮಲಗಿರುವಾಗ, ಆಫೀಸಿನಲ್ಲಿ ಇರುವಾಗ ನಡೆದು ಮುಗಿದಿರುತ್ತವೆ.

ಹಾರ್ಟ್‌ಗೋಲ್ಡ್, ಸೋಲ್‌ಸಿಲ್ವರ್ ಆಡುವವರಿಗೆ ಈ ಕೆಲಸ ಇಲ್ಲ. ಡಿಎಸ್‌ನ ಗಡಿಯಾರವನ್ನೇ ಆಟ ನೋಡಿಕೊಳ್ಳುತ್ತದೆ. ಡಿಎಸ್‌ನಲ್ಲಿ ಗಂಟೆ ಸರಿ ಇದೆಯಾ ಎಂದು ನೋಡಿದರೆ ಸಾಕು.

ಹಂತ 2: ಮ್ಯಾಪ್ ಕಾರ್ಡ್ ಬಿಡಬೇಡಿ

ಪೋಕೆಗೇರ್ ಕೈಗೆ ಬಂದಾಗ ಅದರಲ್ಲಿ ಗಡಿಯಾರ ಮತ್ತು ಫೋನ್ ಮಾತ್ರ ಇರುತ್ತವೆ. ಉಳಿದದ್ದನ್ನು ಕಾರ್ಡ್ ರೂಪದಲ್ಲಿ ಸೇರಿಸಿಕೊಳ್ಳಬೇಕು. ಮೊದಲನೆಯದು ಚೆರ್ರಿಗ್ರೋವ್ ಸಿಟಿಯಲ್ಲಿ ಸಿಗುತ್ತದೆ. ಊರ ಬಾಗಿಲಲ್ಲೇ ಒಬ್ಬ ಅಜ್ಜ ನಿಂತಿರುತ್ತಾರೆ. ಊರು ತೋರಿಸಲಾ ಎಂದು ಕೇಳುತ್ತಾರೆ. ಹೂಂ ಅನ್ನಿ. ಅಂಗಡಿ, ಪೋಕೆಮಾನ್ ಸೆಂಟರ್, ಸಮುದ್ರ ಎಲ್ಲ ತೋರಿಸಿ ಕೊನೆಗೆ ಮ್ಯಾಪ್ ಕಾರ್ಡ್ ಕೈಗಿಡುತ್ತಾರೆ. ಅವಸರದಲ್ಲಿ ಬೇಡ ಅಂದವರು ಆಮೇಲೆ ವಾಪಸ್ ಬಂದು ಅವರನ್ನು ಮಾತಾಡಿಸಬೇಕಾಗುತ್ತದೆ.

ಸ್ಟಾರ್ಟ್ ಒತ್ತಿ ಪೋಕೆಗೇರ್ ತೆರೆಯಿರಿ. ಎಡ ಬಲ ಒತ್ತಿದರೆ ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಹೋಗಬಹುದು. ಮ್ಯಾಪ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನೀವು ಎಲ್ಲಿದ್ದೀರಿ ಎಂದು ತೋರಿಸುತ್ತದೆ. ಅಷ್ಟೇ ಸಾಕು.

ಹಂತ 3: ಫೋನ್‌ನಲ್ಲಿ ಯಾರ ನಂಬರ್ ಇರಬೇಕು?

ಹಳೆಯ ಆಟದಲ್ಲಿ ಫೋನ್‌ಗೆ ಹಿಡಿಸುವುದು ಹತ್ತೇ ನಂಬರ್. ಅಮ್ಮನದು ಮೊದಲೇ ಇರುತ್ತದೆ. ನಿಮಗೆ ಮೊದಲ ಪೋಕೆಮಾನ್ ಕೊಡುವ ಪ್ರೊಫೆಸರ್ ಎಲ್ಮ್ ಅವರದು ಬೇಗನೇ ಸೇರುತ್ತದೆ. ಇವೆರಡನ್ನು ಅಳಿಸಲು ಬರುವುದಿಲ್ಲ, ಅಳಿಸಲೂ ಬಾರದು. ಕತೆ ತಿರುವು ತೆಗೆದುಕೊಳ್ಳುವಾಗಲೆಲ್ಲ ಎಲ್ಮ್ ಫೋನ್ ಮಾಡುತ್ತಾರೆ. ಜಿಮ್ ಅನ್ನುವ ಲಡಾಯಿಯ ಅಖಾಡಗಳಲ್ಲಿ ಏಳನೇ ಬ್ಯಾಡ್ಜ್ ಗೆದ್ದ ಮೇಲೆ ರೇಡಿಯೊದಲ್ಲಿ ಏನೋ ವಿಚಿತ್ರ ಆಗುತ್ತಿದೆ ಎಂದು ಹೇಳುವುದೂ ಅವರೇ.

ಅಮ್ಮನ ಫೋನ್ ನನಗೆ ತುಂಬ ಇಷ್ಟ. ನೀವು ಗೆದ್ದ ಹಣದಲ್ಲಿ ನಾಲ್ಕರಲ್ಲಿ ಒಂದು ಪಾಲನ್ನು ಅವಳು ಎತ್ತಿಡುತ್ತಾಳೆ, ನೀವು ಒಪ್ಪಿದರೆ. ಆ ಉಳಿತಾಯದಿಂದ ಆಗಾಗ ಏನಾದರೂ ಕೊಂಡು, ಫೋನ್ ಮಾಡಿ, ಇಂಥದ್ದು ತೆಗೆದುಕೊಂಡೆ, ನಿನ್ನ ಪಿಸಿಯಲ್ಲಿ ಇದೆ ಎಂದು ಹೇಳುತ್ತಾಳೆ. ಒಮ್ಮೆ ಔಷಧ, ಒಮ್ಮೆ ನಿಮ್ಮ ರೂಮಿನಲ್ಲಿ ಇಡಲು ಒಂದು ಗೊಂಬೆ. ನೀವೇ ಫೋನ್ ಮಾಡಿದರೆ ಉಳಿಸುವುದು ಬೇಕೋ ಬೇಡವೋ ಎಂದು ಹೇಳಬಹುದು. ಕೇಳದೆ ಸಾಮಾನು ತರುತ್ತಾಳೆ ಎಂದು ಕೆಲವರಿಗೆ ಬೇಸರ. ನನ್ನನ್ನು ಕೇಳಿದರೆ ಉಳಿಸಲಿ ಬಿಡಿ. ಲಡಾಯಿಯಲ್ಲಿ ಸೋತರೆ ಕೈಯಲ್ಲಿದ್ದ ಹಣ ಅರ್ಧ ಹೋಗುತ್ತದೆ. ಅಮ್ಮನ ಹತ್ತಿರ ಇಟ್ಟದ್ದು ಹಾಗೇ ಇರುತ್ತದೆ.

ಇನ್ನು ದಾರಿಯಲ್ಲಿ ಸಿಕ್ಕುವ ಟ್ರೇನರ್‌ಗಳು, ಅಂದರೆ ನಮ್ಮ ಹಾಗೆ ಪೋಕೆಮಾನ್ ಇಟ್ಟುಕೊಂಡು ಲಡಾಯಿ ಮಾಡುವವರು. ಗೆದ್ದ ಮೇಲೆ ಇನ್ನೊಮ್ಮೆ ಮಾತಾಡಿಸಿದರೆ ಕೆಲವರು ನಂಬರ್ ಕೊಡುತ್ತಾರೆ. ರೂಟ್ 30ರ ಜೋಯಿ ಅನ್ನುವ ಹುಡುಗ ಎಲ್ಲರಿಗೂ ನೆನಪಿರುತ್ತಾನೆ. ಅವನದು ಒಂದೇ ರಾಟಾಟಾ. ಅದರ ಗುಣಗಾನ ಮಾಡಲೆಂದೇ ಫೋನ್ ಮಾಡುತ್ತಾನೆ. ಪ್ರೀತಿಗಾಗಿ ಇಟ್ಟುಕೊಳ್ಳಿ. ಆದರೆ ಇಷ್ಟೇ ಜಾಗದಲ್ಲಿ ಈ ಮೂವರನ್ನು ಖಂಡಿತ ಇಟ್ಟುಕೊಳ್ಳಬೇಕು:

ರೂಟ್ 32ರಲ್ಲಿ ಮೀನು ಹಿಡಿಯುವ ರಾಲ್ಫ್. ಅಲ್ಲಿ ಕ್ವಿಲ್‌ಫಿಶ್ ಹಿಂಡು ಬಂದ ದಿನ ಫೋನ್ ಮಾಡುತ್ತಾನೆ. ರೂಟ್ 33ರ ಬೆಟ್ಟ ಹತ್ತುವ ಆಂಟನಿ. ಡಾರ್ಕ್ ಕೇವ್‌ನಲ್ಲಿ ಡನ್‌ಸ್ಪಾರ್ಸ್ ಜಾಸ್ತಿ ಕಂಡಾಗ ಹೇಳುತ್ತಾನೆ. ರೂಟ್ 35ರ ಆರ್ನಿ. ಯಾನ್ಮಾ ಹಿಂಡಿನ ಸುದ್ದಿ ಅವನದು. ಬೇರೆ ದಿನ ಗಂಟೆಗಟ್ಟಲೆ ಹುಡುಕಿದರೂ ಕಾಣದ ಪೋಕೆಮಾನ್‌ಗಳು ಇವು. ಫೋನ್ ಬಂದ ದಿನವೇ ಹೋಗಿ. ನಾಳೆ ನೋಡೋಣ ಅಂದರೆ ಹಿಂಡು ಇರುವುದಿಲ್ಲ.

ಗುಹೆಯೊಳಗೆ ಸಿಗ್ನಲ್ ಸಿಗುವುದಿಲ್ಲ, ಹೊರಗೆ ಬಂದು ಮಾಡಿ. ಇನ್ನೊಂದು ಚಂದದ ವಿಷಯ. ಆ ವ್ಯಕ್ತಿ ಇರುವ ರೂಟ್‌ನಲ್ಲೇ ನಿಂತು ಅವನಿಗೆ ಫೋನ್ ಮಾಡಿದರೆ, ಹೋಗಿ ಎದುರಿಗೇ ಮಾತಾಡು ಎಂದು ಆಟ ಹೇಳುತ್ತದೆ!

ಹಂತ 4: ರೇಡಿಯೊ

ಇಲ್ಲಿ ಸ್ವಲ್ಪ ನಿಧಾನ ಮಾಡೋಣ. ಪೋಕೆಗೇರ್‌ನ ಜೀವ ಇರುವುದು ರೇಡಿಯೊದಲ್ಲಿ.

ಕಾರ್ಡ್ ಸಿಗುವುದು ಗೋಲ್ಡನ್‌ರಾಡ್ ಸಿಟಿಯ ರೇಡಿಯೊ ಟವರ್‌ನಲ್ಲಿ. ಕೆಳಗಿನ ಮಹಡಿಯಲ್ಲೇ ಒಬ್ಬಾಕೆ ರಸಪ್ರಶ್ನೆ ನಡೆಸುತ್ತಾಳೆ. ಐದು ಪ್ರಶ್ನೆ, ಹೌದು ಅಥವಾ ಇಲ್ಲ ಅಂದರೆ ಆಯಿತು. ವಯೊಲೆಟ್ ಸಿಟಿಯ ಜಿಮ್‌ನಲ್ಲಿ ಹಕ್ಕಿ ಪೋಕೆಮಾನ್ ಇಟ್ಟುಕೊಂಡವನು ಫಾಕ್ನರ್ ತಾನೇ ಅನ್ನುವಂಥ ಪ್ರಶ್ನೆಗಳು. ಅಲ್ಲಿಯವರೆಗೆ ಕಣ್ಣುಬಿಟ್ಟು ಆಡಿದವರಿಗೆ ಕಷ್ಟ ಇಲ್ಲ. ತಪ್ಪಾದರೆ ಮತ್ತೆ ಕೇಳುತ್ತಾಳೆ.

ಪರದೆಯ ಮೇಲೆ ಒಂದು ಅಳತೆಪಟ್ಟಿ, ಅದರ ಮೇಲೆ ಒಂದು ಮುಳ್ಳು. ಮೇಲೆ ಕೆಳಗೆ ಒತ್ತಿದರೆ ಮುಳ್ಳು ಜರುಗುತ್ತದೆ. ಹಳೇ ರೇಡಿಯೊದ ತಿರುಗುಗುಂಡಿ ನೆನಪಾಗುತ್ತದೆ ಅಲ್ವಾ? ಒಂದು ವ್ಯತ್ಯಾಸ ಇದೆ. ಇಲ್ಲಿ ಸ್ಟೇಷನ್‌ಗಳ ನಡುವೆ ಗೊರಗೊರ ಸದ್ದು ಇಲ್ಲ. ಪೂರ್ತಿ ಮೌನ. ಒಂದೊಂದೇ ಹೆಜ್ಜೆ ಜರುಗಿಸುತ್ತಾ ಹೋಗಿ, ಮೌನ, ಮೌನ, ಮೌನ, ಆಮೇಲೆ ಇದ್ದಕ್ಕಿದ್ದಂತೆ ಹಾಡು. ಆ ಒಂದು ಕ್ಷಣ ಇವತ್ತಿಗೂ ನನಗೆ ಖುಷಿ ಕೊಡುತ್ತದೆ.

4.5ರಲ್ಲಿ ಪ್ರೊಫೆಸರ್ ಓಕ್ ಮತ್ತು ರೇಡಿಯೊ ನಿರೂಪಕಿ ಮೇರಿ ಮಾತಾಡುತ್ತಾರೆ. ಯಾವ ರೂಟ್‌ನಲ್ಲಿ ಯಾವ ಪೋಕೆಮಾನ್ ಸಿಗುತ್ತದೆ ಎಂದು ಹೇಳುತ್ತಾ ಹೋಗುತ್ತಾರೆ. ಪೆನ್ನು ಕಾಗದ ಹಿಡಿದು ಕೇಳಿ. ಬೆಳಿಗ್ಗೆ ಅದೇ ಜಾಗದಲ್ಲಿ ಪೋಕೆಡೆಕ್ಸ್ (ಪೋಕೆಮಾನ್‌ಗಳ ವಿವರದ ಪಟ್ಟಿ) ಕಾರ್ಯಕ್ರಮ ಬರುತ್ತದೆ.

7.5ರಲ್ಲಿ ಹಾಡು. ಸುಮ್ನೆ ಹಿನ್ನೆಲೆ ಸಂಗೀತ ಅಂದುಕೊಂಡು ಇದನ್ನು ದಾಟಿ ಹೋಗುವವರೇ ಹೆಚ್ಚು. ಭಾನುವಾರ, ಮಂಗಳವಾರ, ಗುರುವಾರ, ಶನಿವಾರ ಇಲ್ಲಿ ಪೋಕೆಮಾನ್ ಮಾರ್ಚ್ ಅನ್ನುವ ಜೋರಾದ ಸಂಗೀತ ಬರುತ್ತದೆ. ಸೋಮವಾರ, ಬುಧವಾರ, ಶುಕ್ರವಾರ ಜೋಗುಳ. ಹಾಡು ಹಾಕಿ ಪೋಕೆಗೇರ್ ಮುಚ್ಚಿದರೂ ಹಾಡು ನಡೆಯುತ್ತಲೇ ಇರುತ್ತದೆ. ಮಾರ್ಚ್ ಕೇಳಿಸುತ್ತಿರುವಾಗ ಹುಲ್ಲಿನಲ್ಲಿ ಪೋಕೆಮಾನ್ ಎದುರಾಗುವ ಸಾಧ್ಯತೆ ಎರಡರಷ್ಟು. ಜೋಗುಳ ಕೇಳಿಸುತ್ತಿರುವಾಗ ಅರ್ಧ. ಹಿಡಿಯುವ ಕೆಲಸ ಇದ್ದರೆ ಮಾರ್ಚ್ ಬರುವ ದಿನ ಹೊರಡಿ. ಸುಸ್ತಾದ ತಂಡವನ್ನು ಉದ್ದದ ಹುಲ್ಲುದಾರಿ ದಾಟಿಸಿ ಊರು ಸೇರಿಸಬೇಕಾದರೆ ಜೋಗುಳ ಹಾಕಿ ನಡೆಯಿರಿ. ಆ ಸಂಗೀತ ಕಿವಿಗೆ ಬೀಳುತ್ತಿರುವವರೆಗೆ ಮಾತ್ರ ಇದು ಕೆಲಸ ಮಾಡುತ್ತದೆ. ಹೊಸ ಜಾಗಕ್ಕೆ ಕಾಲಿಟ್ಟಾಗ ಸಂಗೀತ ಬದಲಾದರೆ ಮತ್ತೆ ಹಾಕಿ. ವಾಲ್ಯೂಮ್ ತೀರಾ ಕಡಿಮೆ ಇಟ್ಟು ಆಡುವವರಿಗೆ ಇದು ಗೊತ್ತೇ ಆಗುವುದಿಲ್ಲ.

8.5 ಅದೃಷ್ಟದ ಸ್ಟೇಷನ್. ವಾರಕ್ಕೊಂದು ಐದು ಅಂಕಿಯ ನಂಬರ್ ಹೇಳುತ್ತಾರೆ. ನಿಮ್ಮ ಹತ್ತಿರ ಇರುವ ಯಾವುದಾದರೂ ಪೋಕೆಮಾನ್‌ನ ಐಡಿ ನಂಬರ್‌ನ ಕೊನೆಯ ಎರಡು ಅಂಕಿ ಕೂಡಿ ಬಂದರೆ ಪಿಪಿ ಅಪ್. ಮೂರು ಕೂಡಿದರೆ ಎಕ್ಸ್‌ಪಿ ಶೇರ್. ಐದೂ ಕೂಡಿದರೆ ಯಾವ ಪೋಕೆಮಾನ್ ಆದರೂ ತಪ್ಪದೆ ಹಿಡಿಯುವ ಮಾಸ್ಟರ್ ಬಾಲ್! ಬಹುಮಾನ ಕೊಡುವುದು ರೇಡಿಯೊ ಟವರ್‌ನಲ್ಲಿ. ನೀವೇ ಹಿಡಿದ ಎಲ್ಲದಕ್ಕೂ ಒಂದೇ ಐಡಿ ಇರುತ್ತದೆ. ಹಾಗಾಗಿ ಗೆಳೆಯರ ಜೊತೆ ಪೋಕೆಮಾನ್ ಅದಲುಬದಲು ಮಾಡಿಕೊಂಡಷ್ಟೂ ನಂಬರ್‌ಗಳು ಜಾಸ್ತಿ.

ಅಲ್ಫ್ ಅವಶೇಷಗಳ ಒಳಗೆ ನಿಂತು 13.5ಕ್ಕೆ ತಿರುಗಿಸಿ ನೋಡಿ. ಬೇರೆಲ್ಲೂ ಬರದ ಒಂದು ವಿಚಿತ್ರ ಸದ್ದು ಬರುತ್ತದೆ. ರಾತ್ರಿ ದೀಪ ಆರಿಸಿ ಕೇಳಬೇಕು ಅದನ್ನು.

ಟೀಮ್ ರಾಕೆಟ್ ಅನ್ನುವ ಖಳರ ಗುಂಪು ರೇಡಿಯೊ ಟವರ್ ಹಿಡಿದುಕೊಂಡ ಹೊತ್ತಿನಲ್ಲಿ ಮಾಮೂಲಿ ಸ್ಟೇಷನ್‌ಗಳಿಗೆ ತಿರುಗಿಸಿ. ಓಕ್ ಇಲ್ಲ, ಹಾಡು ಇಲ್ಲ, ಅವರದೇ ಪ್ರಸಾರ. ದಿನಾ ಕೇಳುತ್ತಿದ್ದ ಸ್ಟೇಷನ್ ಕೈತಪ್ಪಿ ಹೋದಾಗ ಆಗುವ ಕಸಿವಿಸಿ ಇದೆಯಲ್ಲ, ಬರೀ ಮಾತಿನ ಚೌಕದಲ್ಲಿ ಬರೆದಿದ್ದರೆ ಅದು ಮನಸ್ಸಿಗೆ ತಟ್ಟುತ್ತಿರಲಿಲ್ಲ.

ಹಂತ 5: ಮಲಗಿರುವ ಸ್ನೋರ್ಲ್ಯಾಕ್ಸ್ ಎಬ್ಬಿಸಿ

ಆಟ ಶುರುವಾಗುವ ಜೋಟೊ ಪ್ರಾಂತ್ಯ ಮುಗಿಸಿ ಪಕ್ಕದ ಕ್ಯಾಂಟೋ ಪ್ರಾಂತ್ಯಕ್ಕೆ ಹೋದ ಮೇಲೆ ಬರುವ ಕೆಲಸ ಇದು. ವರ್ಮಿಲಿಯನ್ ಸಿಟಿಯ ಪೂರ್ವಕ್ಕೆ, ಡಿಗ್ಲೆಟ್ಸ್ ಕೇವ್ ಬಾಗಿಲಲ್ಲಿ ಸ್ನೋರ್ಲ್ಯಾಕ್ಸ್ ಅನ್ನುವ ಪೋಕೆಮಾನ್ ದಾರಿಗಡ್ಡ ಮಲಗಿರುತ್ತದೆ. ಹಿಂದಿನ ಆಟದಲ್ಲಿ ಅದನ್ನು ಎಬ್ಬಿಸಲು ಕೊಳಲು ಊದಬೇಕಿತ್ತು. ಈ ಸಲ ಆ ಕೊಳಲು ರೇಡಿಯೊದಲ್ಲಿದೆ.

ಮೊದಲು ಪವರ್ ಪ್ಲಾಂಟ್‌ನ ಕಳುವಾದ ಬಿಡಿಭಾಗ ಹುಡುಕಿ ಕೊಡಬೇಕು. ಅದು ಸೆರುಲಿಯನ್ ಜಿಮ್‌ನ ನೀರಿನಲ್ಲಿ ಬಚ್ಚಿಟ್ಟಿದೆ. ಕರೆಂಟ್ ಬಂದ ಮೇಲೆ ಲ್ಯಾವೆಂಡರ್ ಟೌನ್‌ನ ರೇಡಿಯೊ ಟವರ್‌ಗೆ ಹೋಗಿ. ಅಲ್ಲಿನ ಮೇಲಧಿಕಾರಿ ಇನ್ನೊಂದು ಕಾರ್ಡ್ ಕೊಡುತ್ತಾರೆ. ಈಗ ಸ್ನೋರ್ಲ್ಯಾಕ್ಸ್ ಎದುರು ನಿಂತು ಮೊದಲು ಸೇವ್ ಮಾಡಿ. ರೇಡಿಯೊವನ್ನು 20.0ಕ್ಕೆ ತಿರುಗಿಸಿ. ಕೊಳಲು ಕೇಳಿಸಿದ ಮೇಲೆ ಪೋಕೆಗೇರ್ ಮುಚ್ಚಿ, ಸ್ನೋರ್ಲ್ಯಾಕ್ಸ್ ಕಡೆ ಮುಖ ಮಾಡಿ ಎ ಒತ್ತಿ. ಅದು 50ನೇ ಲೆವೆಲ್‌ನದು. ಸೋಲಿಸಿ ಓಡಿಸಬೇಡಿ, ಹಿಡಿಯಿರಿ. ಅದರ ಹತ್ತಿರ ಲೆಫ್ಟೋವರ್ಸ್ ಇರುತ್ತದೆ, ಲಡಾಯಿಯಲ್ಲಿ ತುಂಬ ಕೆಲಸಕ್ಕೆ ಬರುವ ವಸ್ತು.

ಕೊನೆಗೆ, ಸೆಲ್ ಬಗ್ಗೆ

ಹಳೆಯ ಗೇಮ್ ಬಾಯ್ ಕಾರ್ಟ್ರಿಜ್ (ಆಟ ಇರುವ ಪುಟ್ಟ ಪ್ಲಾಸ್ಟಿಕ್ ಡಬ್ಬಿ) ಇಟ್ಟುಕೊಂಡವರು ಇದನ್ನು ಓದಲೇಬೇಕು. ಕಾರ್ಟ್ರಿಜ್ ಒಳಗೆ ಸಿಆರ್2025 ಅನ್ನುವ ಗುಂಡಿ ಸೆಲ್ ಇದೆ. ನೀವು ಆಟ ಆರಿಸಿದ ಮೇಲೂ ಗಡಿಯಾರ ಓಡುವುದು ಅದರಿಂದ. ನಿಮ್ಮ ಸೇವ್ ಉಳಿಯುವುದೂ ಅದರಿಂದಲೇ. ಗಡಿಯಾರ ಹಗಲು ರಾತ್ರಿ ಓಡುತ್ತಲೇ ಇರುವುದರಿಂದ ಸೆಲ್ ಬೇಗ ಸವೆಯುತ್ತದೆ. ಸೆಲ್ ಸತ್ತ ದಿನ ಎರಡೂ ಒಟ್ಟಿಗೆ ಹೋಗುತ್ತವೆ. ನನ್ನದು ಹೋಗಿದ್ದು ಹಾಗೇ. ಒಂದು ಸಂಜೆ ಆಟ ಹಾಕಿದರೆ 'ಕಂಟಿನ್ಯೂ' ಅನ್ನುವ ಸಾಲೇ ಇಲ್ಲ.

ಸೆಲ್ ಬದಲಿಸಬಹುದು. ಮಾಮೂಲಿ ಸ್ಕ್ರೂಡ್ರೈವರ್ ಆಗುವುದಿಲ್ಲ, ಈ ಕಾರ್ಟ್ರಿಜ್‌ಗೆಂದೇ 3.8 ಎಂಎಂ ಬಿಟ್ ಬೇಕು. ಸೆಲ್ ಅನ್ನು ಬೋರ್ಡಿಗೆ ಬೆಸುಗೆ ಹಾಕಿರುತ್ತಾರೆ. ಹಾಗಾಗಿ ಲೋಹದ ಕಾಲು ಇರುವ ಸೆಲ್ಲನ್ನೇ ಕೊಳ್ಳಿ. ಬರೀ ಸೆಲ್ ಮೇಲೆ ನೇರವಾಗಿ ಬಿಸಿ ಕಬ್ಬಿಣ ಇಡಬೇಡಿ, ಸಿಡಿಯಬಹುದು. ಪ್ಲಸ್, ಮೈನಸ್ ಗುರುತು ನೋಡಿ ಕೂರಿಸಿ. ಕೈ ಅಭ್ಯಾಸ ಇಲ್ಲದವರು ಮೊಬೈಲ್ ರಿಪೇರಿ ಮಾಡುವವರ ಹತ್ತಿರ ಕೊಟ್ಟರೆ ಮಾಡಿಕೊಡುತ್ತಾರೆ. ಹಳೆಯ ಸೆಲ್ ತೆಗೆದ ಕೂಡಲೇ ಸೇವ್ ಅಳಿಸಿ ಹೋಗುತ್ತದೆ ಅನ್ನುವುದು ನೆನಪಿರಲಿ. ಉಳಿದಿದ್ದ ಪೋಕೆಮಾನ್‌ಗಳನ್ನು ಮೊದಲೇ ಗೆಳೆಯರ ಕಾರ್ಟ್ರಿಜ್‌ಗೆ ದಾಟಿಸಿ.

ನಾನು ಸೆಲ್ ಹಾಕಿಸಿ ತಂದ ದಿನ ರಾತ್ರಿ ಹೊಸ ಆಟ ಶುರು ಮಾಡಿದೆ. ಓಕ್ ಗಂಟೆ ಕೇಳಿದರು. ಎದ್ದು ಹೋಗಿ ಅಡುಗೆಮನೆಯ ಗಡಿಯಾರ ನೋಡಿ ಬಂದು ಎಂಟು ನಲವತ್ತು ಎಂದು ಹಾಕಿದೆ. ಅಮ್ಮ ವಾರ ಕೇಳಿದಳು. ಬುಧವಾರ ಅಂದೆ. ಕಿಟಕಿಯ ಆಚೆಯೂ ಕತ್ತಲೆ, ಆಟದಲ್ಲೂ ಕತ್ತಲೆ. ರೂಟ್ 29ರ ಹುಲ್ಲಿಗೆ ಕಾಲಿಟ್ಟೆ. ಹೂಟ್‌ಹೂಟ್ ಬಂತು.