ಜೈಲಿನಲ್ಲಿರುವವರಿಗೆ ಹಣ ಕಳಿಸುವುದು ಹೇಗೆ

ಜೈಲಿನ ಒಳಗೆ ಕೈಯಲ್ಲಿ ನೋಟು ಇಟ್ಟುಕೊಳ್ಳುವಂತಿಲ್ಲ. ನೀವು ಕಳಿಸಿದ ಹಣ, ಜೈಲು ಕಚೇರಿಯು ಕೈದಿಯ ಹೆಸರಿನಲ್ಲಿಟ್ಟ ಖಾಸಗಿ ನಗದು ಖಾತೆಗೆ ಜಮೆಯಾಗುತ್ತದೆ. ಪಿಪಿಸಿ ಅಂದರೆ ಇದೇ. ಕ್ಯಾಂಟೀನಿನಲ್ಲಿ ಸೋಪು, ಪೇಸ್ಟು, ಬಿಸ್ಕತ್ತು ತಗೊಂಡಾಗ ಆ ಖಾತೆಯಿಂದಲೇ ಕಳೆಯುತ್ತಾರೆ.

ಹಣಕ್ಕಿಂತ ಮೊದಲು ಹೊಂದಿಸಿಕೊಳ್ಳಬೇಕಾದದ್ದು ನಂಬರ್. ವಿಚಾರಣಾಧೀನ ಕೈದಿಗೆ ಯುಟಿಪಿ ನಂಬರ್, ಶಿಕ್ಷೆಯಾದವರಿಗೆ ಸಿಟಿಪಿ ನಂಬರ್. ಶಿಕ್ಷೆಯಾದ ಮೇಲೆ, ಅಥವಾ ಒಂದು ಜೈಲಿನಿಂದ ಇನ್ನೊಂದಕ್ಕೆ ಹಾಕಿದಾಗ, ಹಳೇ ನಂಬರ್ ನಡೆಯುವುದಿಲ್ಲ. ಭೇಟಿಗೆ ಹೋದಾಗ ಅವರನ್ನೇ ಕೇಳಿ ಬರೆದುಕೊಳ್ಳಿ, ಇಲ್ಲವೇ ವಕೀಲರಿಂದ ತಿಳಿದುಕೊಳ್ಳಿ. ಹೆಸರೂ ವಾರಂಟಿನಲ್ಲಿರುವಂತೆಯೇ ಇರಬೇಕು. ಮನೆಯಲ್ಲಿ ಎಲ್ಲರೂ ‘ಮಂಜು’ ಅನ್ನುತ್ತೀರಿ. ದಾಖಲೆಯಲ್ಲಿ ‘ಮಂಜುನಾಥ ಬಿನ್ ಶಿವಪ್ಪ’ ಅಂತ ಇರುತ್ತದೆ. ಪರಪ್ಪನ ಅಗ್ರಹಾರದಂಥ ದೊಡ್ಡ ಜೈಲಿನಲ್ಲಿ ಬರೀ ಮಂಜು ಅಂದರೆ ಯಾವ ಮಂಜು ಅಂತ ಹುಡುಕುವುದು? ಹೆಂಗಸರದ್ದಾದರೆ ‘ಬಿನ್’ ಬದಲು ‘ಕೋಂ’ ಅಂತಲೋ ‘ಬಿಂತ್’ ಅಂತಲೋ ಏನು ಬರೆದಿದ್ದಾರೆ ನೋಡಿ, ಅದನ್ನೇ ಬರೆಯಿರಿ.

ದೂರದ ಊರಿನಲ್ಲಿರುವವರಿಗೆ ಹಳೇ ದಾರಿಯೇ ನಂಬಿಕೆಯದು: ಅಂಚೆ ಕಚೇರಿಯ ಮನಿ ಆರ್ಡರ್. ಒಂದು ಫಾರಂನಲ್ಲಿ ಹೆಚ್ಚೆಂದರೆ 5,000 ರೂಪಾಯಿ. ಕಮಿಷನ್ ಪ್ರತಿ 20 ರೂಪಾಯಿಗೆ 1 ರೂಪಾಯಿ: ಸಾವಿರ ಕಳಿಸಿದರೆ 50, ಐದು ಸಾವಿರಕ್ಕೆ 250. ಇಪ್ಪತ್ತರ ಲೆಕ್ಕಕ್ಕೆ ಕೂಡದೆ ಉಳಿದ ಚಿಲ್ಲರೆಗೂ ಪೂರ್ತಿ ಒಂದು ರೂಪಾಯಿ ಹಿಡಿಯುತ್ತಾರೆ.

ವಿಳಾಸ ಹೀಗೆ ಬರೆಯಿರಿ:

ಮಂಜುನಾಥ ಬಿನ್ ಶಿವಪ್ಪ, ಯುಟಿಪಿ ನಂ. (ಇಲ್ಲಿ ನಂಬರ್)
ಮುಖ್ಯ ಅಧೀಕ್ಷಕರ ಮೂಲಕ
ಕೇಂದ್ರ ಕಾರಾಗೃಹ, ಊರು, ಪಿನ್‌ಕೋಡ್

ನಂಬರ್ ಹೆಸರಿನ ಸಾಲಿನಲ್ಲೇ ಇರಲಿ, ಕೆಳಗೆ ಬೇಡ. ಕೌಂಟರಿನವರು ನಿಮ್ಮ ಫಾರಂ ನೋಡಿ ಕಂಪ್ಯೂಟರಿಗೆ ಹೊಡೆಯುತ್ತಾರೆ. ಬೇರೆ ಸಾಲಿನಲ್ಲಿದ್ದರೆ ಬಿಟ್ಟುಹೋಗುವುದುಂಟು. ಅದಕ್ಕೇ ರಸೀದಿ ಕೈಗೆ ಬಂದ ಕೂಡಲೇ, ಕೌಂಟರ್ ಬಿಡುವ ಮೊದಲು, ಹೆಸರನ್ನೂ ಪಿನ್‌ಕೋಡನ್ನೂ ಓದಿ ನೋಡಿ. ರಸೀದಿ ಜೋಪಾನ. ಹಣ ಎಲ್ಲಿದೆ ಅಂತ ವಿಚಾರಿಸಲು ಅದರ ಮೇಲಿನ ನಂಬರೇ ಆಧಾರ.

ಭೇಟಿಗೆ ಹೋಗುವವರು ಜೈಲಿನ ಕೌಂಟರಿನಲ್ಲೇ ಕಟ್ಟಲು ಆಗುತ್ತದೆಯೇ, ಬ್ಯಾಂಕ್ ಮೂಲಕ ಹಾಕಬಹುದೇ, ತಿಂಗಳ ಮಿತಿ ಎಷ್ಟು ಎಂದು ಆ ಜೈಲಿನ ಕಚೇರಿಯಲ್ಲೇ ಕೇಳಿ. ಪಕ್ಕದ ಜಿಲ್ಲೆಯ ಜೈಲಿನ ಕ್ರಮ ಇಲ್ಲಿಗೆ ಹೊಂದಬೇಕೆಂದಿಲ್ಲ. ಕಟ್ಟಿದ ಮೇಲೆ ರಸೀದಿ ಕೇಳಿ ಪಡೆಯಿರಿ.

ಮನಿ ಆರ್ಡರ್ ವಾಪಸ್ ಬಂದರೆ ಗಾಬರಿ ಬೇಡ. ಆ ಹೊತ್ತಿಗೆ ಅವರು ಜಾಮೀನಿನ ಮೇಲೆ ಹೊರಬಂದಿರಬಹುದು, ಬೇರೆ ಜೈಲಿಗೆ ಹೋಗಿರಬಹುದು, ಹೆಸರು ತಾಳೆಯಾಗದೇ ಇರಬಹುದು. ವರ್ಗಾವಣೆಯ ಸುಳಿವಿದ್ದರೆ ಹೊಸ ಜೈಲಿನ ನಂಬರ್ ಸಿಗುವ ತನಕ ತಡೆಯಿರಿ.

‘ಒಳಗಿಂದ ಮಾತಾಡ್ತಿದೀನಿ, ನಿಮ್ಮ ಹುಡುಗನಿಗೆ ಹುಷಾರಿಲ್ಲ, ಈ ನಂಬರಿಗೆ ಫೋನ್‌ಪೇ ಮಾಡಿ’ ಎಂದು ಯಾರಾದರೂ ಕರೆ ಮಾಡಿದರೆ ಒಂದು ರೂಪಾಯಿಯೂ ಹಾಕಬೇಡಿ. ಹೆತ್ತವರ ಕರುಳು ನಿಲ್ಲುವುದಿಲ್ಲ, ಗೊತ್ತು. ಆದರೂ ಮೊದಲು ಜೈಲು ಕಚೇರಿಗೋ ವಕೀಲರಿಗೋ ಫೋನ್ ಮಾಡಿ ವಿಚಾರಿಸಿ. ಯಾರದೋ ಸ್ವಂತ ಮೊಬೈಲ್ ನಂಬರಿಗೆ ಹೋದ ಹಣ ಪಿಪಿಸಿಗೆ ಸೇರುವುದಿಲ್ಲ, ಅದಕ್ಕೆ ರಸೀದಿಯೂ ಇರುವುದಿಲ್ಲ. ನೋಟನ್ನು ಬಟ್ಟೆಯಲ್ಲೋ ತಿಂಡಿಯಲ್ಲೋ ಇಟ್ಟು ಕೊಡುವುದಂತೂ ಬೇಡವೇ ಬೇಡ. ಸಿಕ್ಕಿಬಿದ್ದರೆ ಒಳಗಿರುವವರಿಗಷ್ಟೇ ಅಲ್ಲ, ಕೊಟ್ಟವರಿಗೂ ಶಿಕ್ಷೆಯಾಗಬಹುದು.

ಎಷ್ಟು ಕಳಿಸಬೇಕು? ಶಿಕ್ಷೆಯಾದವರಿಗೆ ಕೆಲಸದ ಕೂಲಿ ಬರುತ್ತದೆ. ವಿಚಾರಣಾಧೀನರು ಹೆಚ್ಚಾಗಿ ಮನೆಯ ಹಣವನ್ನೇ ಕಾಯುತ್ತಾರೆ. ಒಮ್ಮೆಲೇ ದೊಡ್ಡ ಮೊತ್ತ ಹಾಕುವ ಬದಲು ತಿಂಗಳಿಗೊಮ್ಮೆ ಸ್ವಲ್ಪ ಸ್ವಲ್ಪ ಹಾಕುವುದು ಒಳ್ಳೆಯದು: ಖಾತೆಯಲ್ಲಿ ಹೆಚ್ಚು ಹಣವಿದೆ ಅಂತ ತಿಳಿದರೆ ಸುತ್ತ ಇರುವವರು ಪೀಡಿಸಬಹುದು. ಸಾಲ ಮಾಡಿಯಂತೂ ಕಳಿಸಬೇಡಿ. ಊಟ, ಔಷಧಿ ಜೈಲಿನವರೇ ಕೊಡಬೇಕು.

ಜಾಮೀನಿಗೆ ಕೋರ್ಟು ನಗದು ಭದ್ರತೆ ಕೇಳಿದ್ದರೆ ಅದನ್ನು ಪಿಪಿಸಿಗೆ ಹಾಕಬೇಡಿ, ಕೋರ್ಟಿಗೇ ಕಟ್ಟಬೇಕು. ಕಟ್ಟಲು ಶಕ್ತಿಯಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ. ಬಡ ಕೈದಿಗಳ ಜಾಮೀನು, ದಂಡಕ್ಕೆ ನೆರವಾಗುವ ಕೇಂದ್ರದ ಯೋಜನೆ 2023ರಿಂದ ಇದೆ; ಎಲ್ಲ ಬಗೆಯ ಕೇಸಿಗೂ ಸಿಗುವುದಿಲ್ಲ, ಆದರೆ ಕೇಳದೆ ಬಿಡಬೇಡಿ.

ಬಿಡುಗಡೆಯ ದಿನ ಪಿಪಿಸಿಯಲ್ಲಿ ಉಳಿದ ಹಣ ಅವರಿಗೇ ಸೇರಬೇಕು. ಗೇಟು ದಾಟುವ ಮೊದಲೇ ಲೆಕ್ಕ ಕೇಳಿ ಪಡೆಯಲು ಹೇಳಿರಿ.