ಟಿಕೆಟ್‌ನ ಗಂಟೆ ಬೇರೆ, ದಾರಿಯ ಗಂಟೆ ಬೇರೆ

ಹೋದ ಜನವರಿಯಲ್ಲಿ ಮಗಳು ಓದಲು ಲಂಡನ್‌ಗೆ ಹೊರಟಳು. ಟಿಕೆಟ್‌ನಲ್ಲಿ ಹೈದರಾಬಾದ್ ಬೆಳಗ್ಗೆ 7:30, ಲಂಡನ್ ಮಧ್ಯಾಹ್ನ 1:00 ಅಂತ ಇತ್ತು. ಐದೂವರೆ ಗಂಟೆ ಅಂತ ತಿಳಿದೆ. ಒಂದು ಗಂಟೆಯಾಯಿತು, ಮೂರಾಯಿತು, ಐದಾಯಿತು, ಫೋನ್ ಇಲ್ಲ. ನಮ್ಮ ಅತ್ತೆ ದೇವರ ಮುಂದೆ ಕೂತವರು ಏಳಲೇ ಇಲ್ಲ. ಏಳರ ಹೊತ್ತಿಗೆ "ಈಗ ಇಳಿದೆ ಅಮ್ಮ" ಅಂದಳು. ಆ ದಿನದ ಸಂಕಟ ಬೇರೆ ಯಾರಿಗೂ ಬೇಡ, ಅದಕ್ಕೇ ದಾರಿಯ ಗಂಟೆ ಲೆಕ್ಕ ಹಾಕುವುದು ಹೇಗೆ ಅಂತ ಹೇಳುತ್ತೇನೆ.

ಮೊದಲು ದೂರ. ಗೋಡೆಯ ನಕ್ಷೆ ಮೇಲೆ ಸ್ಕೇಲ್ ಇಡಬೇಡಿ, ಗ್ಲೋಬ್ ತಗೊಳ್ಳಿ. ನಾನು ಮಗಳ ಹಳೇ ಗ್ಲೋಬ್ ಇಳಿಸಿ, ಮಲ್ಲಿಗೆ ಕಟ್ಟುವ ದಾರವನ್ನು ಹೈದರಾಬಾದ್‌ನಿಂದ ಲಂಡನ್‌ಗೆ ಬಿಗಿಯಾಗಿ ಎಳೆದೆ. ನಕ್ಷೆಯಲ್ಲಿ ಗೆರೆ ಅರಬ್ ದೇಶಗಳ ಕಡೆ ಹೋಗುತ್ತದೆ. ದಾರ ಮಾತ್ರ ಉತ್ತರಕ್ಕೆ ಬಾಗಿ ಕ್ಯಾಸ್ಪಿಯನ್ ಸಮುದ್ರದ ಹತ್ತಿರ ಹಾದುಹೋಯಿತು! ಭೂಮಿ ದುಂಡಗಿದೆ ಅಲ್ವಾ, ಹತ್ತಿರದ ದಾರಿ ಅದೇ. ದಾರ 18 ಸೆಂ.ಮೀ. ಬಂತು. ಗ್ಲೋಬ್‌ನ ನಡುಗೆರೆ ಸುತ್ತಳತೆ 94 ಸೆಂ.ಮೀ., ಭೂಮಿಯದು ಸುಮಾರು 40,000 ಕಿ.ಮೀ. ಹದಿನೆಂಟನ್ನು 40,000ದಿಂದ ಗುಣಿಸಿ 94ರಿಂದ ಭಾಗಿಸಿದರೆ 7,660. ನಿಜವಾದ ದೂರ ಸುಮಾರು 7,750. ಹೂವಿನ ದಾರಕ್ಕೆ ಇಷ್ಟು ಸಾಕು.

ವಿಮಾನ ಗಂಟೆಗೆ ಸುಮಾರು 850 ಕಿ.ಮೀ. ಹಾರುತ್ತದೆ. ದೂರವನ್ನು 850ರಿಂದ ಭಾಗಿಸಿ, ಏರಲು ಇಳಿಯಲು ಅರ್ಧ ಗಂಟೆ ಸೇರಿಸಿ. ಒಂಬತ್ತೂವರೆ ಗಂಟೆ ದಾಟುತ್ತದೆ. ಮೇಲಿನ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವುದರಿಂದ ಹೋಗುವಾಗ ಇನ್ನೂ ಜಾಸ್ತಿ, ಬರುವಾಗ ಕಡಿಮೆ. ಯುದ್ಧದ ಕಡೆ ಆಕಾಶ ಮುಚ್ಚಿದ್ದರೆ ಸುತ್ತು ಬೇರೆ.

ಇನ್ನು ಗಡಿಯಾರ. ಟಿಕೆಟ್‌ನಲ್ಲಿ ಆಯಾ ಊರಿನ ಸಮಯವೇ ಇರುತ್ತದೆ. ಲಂಡನ್ ಚಳಿಗಾಲದಲ್ಲಿ ನಮಗಿಂತ ಐದೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ನಾಲ್ಕೂವರೆ. ಮಾರ್ಚ್ ಕೊನೆಗೆ ಅವರು ಗಡಿಯಾರ ಮುಂದೆ ಮಾಡುತ್ತಾರೆ, ಅಕ್ಟೋಬರ್ ಕೊನೆಗೆ ಹಿಂದೆ. ಹಾಗಾಗಿ ಇಳಿಯುವ ಸಮಯವನ್ನು ಮೊದಲು ನಮ್ಮ ಸಮಯಕ್ಕೆ ತನ್ನಿ, ಆಮೇಲೆ ಅದರಿಂದ ಹೊರಟ ಸಮಯ ಕಳೆಯಿರಿ. ಮಧ್ಯಾಹ್ನ ಒಂದು ಅಂದರೆ ನಮಗೆ ಸಂಜೆ ಆರೂವರೆ. ಒಟ್ಟು ಹನ್ನೊಂದು ಗಂಟೆ.

ಆದರೆ ಇದು ಬರೀ ವಿಮಾನದ ಲೆಕ್ಕ. ಮೂರು ಗಂಟೆ ಮೊದಲು ಹೈದರಾಬಾದ್‌ನ ವಿಮಾನ ನಿಲ್ದಾಣವಿರುವ ಶಂಷಾಬಾದ್‌ನಲ್ಲಿರಬೇಕು. ನಮ್ಮ ರಾಯಚೂರಿನಿಂದ ಮೆಹಬೂಬ್‌ನಗರದ ಮೇಲೆ ನಾಲ್ಕು ತಾಸಿನ ದಾರಿ. ಅದಕ್ಕೇ ಅವತ್ತು ರಾತ್ರಿ ಹನ್ನೆರಡಕ್ಕೆ ಮನೆ ಬಿಟ್ಟಿದ್ದಳು. ಶಕ್ತಿನಗರದ ಹತ್ತಿರ ಕೃಷ್ಣಾ ದಾಟುವಾಗ ಕಿಟಕಿ ಇಳಿಸಿ ಕೈಮುಗಿದಳಂತೆ. ಲಂಡನ್‌ನಲ್ಲಿ ಇಳಿದ ಮೇಲೆ ಪಾಸ್‌ಪೋರ್ಟ್ ಸಾಲು, ಲಗೇಜ್, ರೈಲು. ಅವಳು ರೂಮಿನ ಬೀಗ ತೆಗೆದಾಗ ನಮ್ಮಲ್ಲಿ ರಾತ್ರಿ ಹತ್ತು. ಅಂದರೆ ಇಪ್ಪತ್ತೆರಡು ಗಂಟೆ.

ಈ ಸಲ ಅವಳು ಬರುವಾಗ ಇಳಿಯುವ ಹೊತ್ತನ್ನು ನಮ್ಮ ಸಮಯದಲ್ಲಿ ದಪ್ಪ ಅಕ್ಷರದಲ್ಲಿ ಬರೆದು ದೇವರ ಮನೆ ಬಾಗಿಲಿಗೆ ಅಂಟಿಸಿದ್ದೇನೆ. ಅತ್ತೆ ದಿನಾ ಓದುತ್ತಾರೆ.