ಫೈಲ್ ಅಲ್ಲ, ಡಿಸ್ಕನ್ನೇ ತೆರೆಯುವುದು ಹೇಗೆ?

ಡಿಸ್ಕಿನ ಆರೋಗ್ಯ ಹೇಳುವ ಸ್ಮಾರ್ಟ್‌ಸಿಟಿಎಲ್ ತರಹದ ಪ್ರೋಗ್ರಾಮ್‌ಗಳು ಯಾವ ಫೈಲನ್ನೂ ಓದಿ ಆ ಮಾಹಿತಿ ತರುವುದಿಲ್ಲ. ಫೈಲ್ ಸಿಸ್ಟಮ್ ಅನ್ನು ಬದಿಗಿಟ್ಟು ಡಿಸ್ಕಿಗೇ ಕಮಾಂಡ್ ಕಳಿಸುತ್ತವೆ. ಲಿನಕ್ಸ್‌ನಲ್ಲಿ ಒಂದು ಪುಟ್ಟ ಸಿ ಪ್ರೋಗ್ರಾಮ್‌ನಿಂದ ನೀವೂ ಇದನ್ನು ಮಾಡಬಹುದು. ಹಳೆಯ, ಖಾಲಿ ಪೆನ್‌ಡ್ರೈವ್ ಒಂದಿದ್ದರೆ ಸಾಕು. ಕೆಲಸದ ಡಿಸ್ಕಿನ ಮೇಲೆ ಮಾತ್ರ ಕೈ ಇಡಬೇಡಿ.

ಮೊದಲು ಹೆಸರು ಹುಡುಕಿ. ಪೆನ್‌ಡ್ರೈವ್ ಚುಚ್ಚುವ ಮುಂಚೆ ಒಮ್ಮೆ, ಚುಚ್ಚಿದ ಮೇಲೆ ಒಮ್ಮೆ, ಡಿಸ್ಕುಗಳ ಪಟ್ಟಿ ತೋರಿಸುವ ಎಲ್‌ಎಸ್‌ಬಿಎಲ್‌ಕೆ ಓಡಿಸಿ. ಹೊಸದಾಗಿ ಕಾಣಿಸಿದ್ದೇ ನಿಮ್ಮದು, /ಡೆವ್/ಎಸ್‌ಡಿಬಿ ಅಂದುಕೊಳ್ಳಿ. ಎಸ್‌ಡಿಬಿ1 ಅಂದರೆ ಪಾರ್ಟಿಷನ್, ಅದು ಬೇಡ. ನಮಗೆ ಇಡೀ ಡಿಸ್ಕೇ ಬೇಕು. ಇವತ್ತಿನ ಎಸ್‌ಡಿಬಿ ನಾಳೆ ಎಸ್‌ಡಿಸಿ ಆಗಬಹುದು. ಹಾಗಾಗಿ ಹೆಸರನ್ನು ಪ್ರೋಗ್ರಾಮ್ ಒಳಗೆ ಬರೆದಿಡಬೇಡಿ, ಪ್ರತಿ ಸಲ ಕೇಳಿ ಪಡೆಯಿರಿ.

ಈಗ ಓಪನ್ ಕಾಲ್. ಓದಲು ಮಾತ್ರ ಅನ್ನುವ ಫ್ಲ್ಯಾಗ್ ಜೊತೆ ನಾನ್‌ಬ್ಲಾಕ್ ಫ್ಲ್ಯಾಗನ್ನೂ ಸೇರಿಸಿ. ಅದಿಲ್ಲದಿದ್ದರೆ ಡಿಸ್ಕ್ ಹಾಕದ ಡಿವಿಡಿ ಡ್ರೈವ್‌ನಂಥವು ತೆರೆಯುವುದೇ ಇಲ್ಲ. ಅನುಮತಿ ಇಲ್ಲ ಅಂತ ಬಂದರೆ ಸುಡೋ ಬಳಸಿ ರೂಟ್ ಆಗಿ, ಅಂದರೆ ಎಲ್ಲ ಅಧಿಕಾರ ಇರುವ ಬಳಕೆದಾರರಾಗಿ, ಓಡಿಸಬೇಕು. ಇಲ್ಲೇ ಒಂದು ಮೋಸ ಇದೆ. ಓದಲು ಮಾತ್ರ ತೆರೆದಿದ್ದೇನಲ್ಲ, ಇನ್ನೇನು ಭಯ ಅಂತ ಅನಿಸುತ್ತದೆ, ಅಲ್ವಾ? ಸಾಮಾನ್ಯ ಬಳಕೆದಾರರಿಗಾದರೆ ಲಿನಕ್ಸ್‌ನ ತಿರುಳಾದ ಕರ್ನಲ್ ಅಪಾಯದ ಕಮಾಂಡ್‌ಗಳನ್ನು ತಡೆಯುತ್ತದೆ. ರೂಟ್ ಆಗಿ ಓಡಿಸಿದರೆ ಆ ಜರಡಿ ಇರುವುದಿಲ್ಲ. ಕಮಾಂಡಿನ ಮೊದಲ ಬೈಟಿನಲ್ಲಿ, ಹೆಕ್ಸ್ ಅಂದರೆ 16ರ ಲೆಕ್ಕದಲ್ಲಿ, 12 ಬರೆದರೆ ಡಿಸ್ಕಿನ ಪರಿಚಯ ಕೇಳಿದ ಹಾಗೆ. 04 ಬರೆದರೆ ಫಾರ್ಮ್ಯಾಟ್ ಮಾಡು ಅಂದ ಹಾಗೆ! ಬೈಟ್‌ಗಳನ್ನು ಕಳಿಸುವ ಮುಂಚೆ ಎರಡು ಸಲ ನೋಡಿ.

ನಾವು ಕಳಿಸುವುದು ಸ್ಕಜಿ ಅನ್ನುವ ಡಿಸ್ಕ್ ಭಾಷೆಯ ಇನ್‌ಕ್ವೈರಿ ಕಮಾಂಡ್. ಆರೇ ಬೈಟ್: 12 00 00 00 24 00. ಐದನೆಯದಾದ 24 ಅಂದರೆ ನಮ್ಮ ಲೆಕ್ಕದ 36, ಅಷ್ಟು ಬೈಟ್ ಉತ್ತರ ಬೇಕು ಅಂತ. ಇದನ್ನು ಎಸ್‌ಜಿ (ಸ್ಕಜಿ ಜೆನೆರಿಕ್) ಹೆಡರ್ ಸ್ಟ್ರಕ್ಚರ್‌ನಲ್ಲಿ ತುಂಬಬೇಕು. ಮೊದಲು ಅದನ್ನು ಪೂರ್ತಿ ಸೊನ್ನೆ ಮಾಡಿ. ಇಂಟರ್‌ಫೇಸ್ ಐಡಿಗೆ ದೊಡ್ಡಕ್ಷರದ ಎಸ್ ಹಾಕಿ. ಕಮಾಂಡ್ ಎಲ್ಲಿದೆ, ಎಷ್ಟು ಉದ್ದ, ಉತ್ತರ ಎಲ್ಲಿ ಬೀಳಬೇಕು, ಡೇಟಾ ಯಾವ ಕಡೆಗೆ ಹರಿಯುತ್ತದೆ, ಎಲ್ಲ ತಿಳಿಸಿ. ತಪ್ಪಿನ ವಿವರಕ್ಕೆ 32 ಬೈಟಿನ ಸೆನ್ಸ್ ಬಫರ್ ಕೊಡಿ. ಟೈಮ್‌ಔಟ್ ಮಿಲಿಸೆಕೆಂಡ್‌ನಲ್ಲಿರುತ್ತದೆ. 20 ಸೆಕೆಂಡ್ ಬೇಕೆಂದರೆ 20000. ಆಮೇಲೆ ಎಸ್‌ಜಿ ಐಓ ಅನ್ನುವ ಐಓಸಿಟಿಎಲ್ (ಸಾಧನಕ್ಕೆ ಕೋರಿಕೆ ಕಳಿಸುವ ಸಿಸ್ಟಮ್ ಕಾಲ್) ಕರೆದರೆ ಕಮಾಂಡ್ ಹೊರಟಿತು.

ಐಓಸಿಟಿಎಲ್ ಸೊನ್ನೆ ಕೊಟ್ಟಿತು ಅಂದ ಮಾತ್ರಕ್ಕೆ ಡಿಸ್ಕ್ ಒಪ್ಪಿತು ಅಂತಲ್ಲ. ಕಮಾಂಡ್ ಹೋಗಿ ಬಂತು ಅಷ್ಟೇ. ಸ್ಟೇಟಸ್, ಹೋಸ್ಟ್ ಸ್ಟೇಟಸ್, ಡ್ರೈವರ್ ಸ್ಟೇಟಸ್ ಮೂರನ್ನೂ ನೋಡಿ. ಸ್ಟೇಟಸ್ 2 ಇದ್ದರೆ ಸೆನ್ಸ್ ಬಫರ್ ತೆರೆದು ಕಾರಣ ತಿಳಿಯಿರಿ. ಸೆನ್ಸ್ ಕೀ 2 ಅಂದರೆ ಡಿಸ್ಕ್ ಇನ್ನೂ ಸಿದ್ಧವಾಗಿಲ್ಲ. 5 ಅಂದರೆ ಆ ಕಮಾಂಡ್ ಅದಕ್ಕೆ ಗೊತ್ತಿಲ್ಲ ಅಥವಾ ನೀವು ಏನೋ ತಪ್ಪು ತುಂಬಿದ್ದೀರಿ. ಎಲ್ಲ ಸರಿ ಇದ್ದರೆ, ಬೈಟ್‌ಗಳನ್ನು ಸೊನ್ನೆಯಿಂದ ಎಣಿಸಿ, 8ರಿಂದ 15ರವರೆಗೆ ಕಂಪನಿ, 16ರಿಂದ 31ರವರೆಗೆ ಮಾಡೆಲ್, ಕೊನೆಯ ನಾಲ್ಕರಲ್ಲಿ ಆವೃತ್ತಿ ಸಿಗುತ್ತದೆ. ಹೆಸರು ಚಿಕ್ಕದಾದರೆ ಉಳಿದ ಜಾಗ ಸ್ಪೇಸ್‌ಗಳಿಂದ ತುಂಬಿರುತ್ತದೆ. ಕೊನೆಗೆ ಕ್ಲೋಸ್ ಮಾಡಲು ಮರೆಯಬೇಡಿ.

ಎನ್‌ವಿಎಂಇ ಡಿಸ್ಕಿಗೆ (ವೇಗದ ಎಸ್‌ಎಸ್‌ಡಿಯ ಒಂದು ಬಗೆ) ಈ ಸ್ಕಜಿ ಭಾಷೆ ಬೇಡ. /ಡೆವ್/ಎನ್‌ವಿಎಂಇ0 ತೆರೆದು ಅದರದೇ ಅಡ್ಮಿನ್ ಕಮಾಂಡ್ ಐಓಸಿಟಿಎಲ್ ಬಳಸಬೇಕು. ಐಡೆಂಟಿಫೈ ಕಮಾಂಡಿಗೆ 4096 ಬೈಟ್ ಉತ್ತರ ಬರುತ್ತದೆ. ವಿಂಡೋಸ್‌ನಲ್ಲಿ ಕ್ರಿಯೇಟ್‌ಫೈಲ್‌ಗೆ \\.\ಫಿಸಿಕಲ್‌ಡ್ರೈವ್1 ತರಹದ ಹೆಸರು ಕೊಟ್ಟು, ಅಡ್ಮಿನಿಸ್ಟ್ರೇಟರ್ ಆಗಿ, ಓದುವ ಬರೆಯುವ ಎರಡೂ ಅನುಮತಿ ಕೇಳಿ ತೆರೆಯಬೇಕು. ಮುಂದೆ ಕಮಾಂಡ್ ಕಳಿಸುವುದು ಡಿವೈಸ್‌ಐಓಕಂಟ್ರೋಲ್ ಕೆಲಸ.

ಯುಎಸ್‌ಬಿ ಕೇಸಿನಲ್ಲಿ ಕೂಡಿಸಿದ ಸಾಟಾ ಡಿಸ್ಕಿನಲ್ಲಿ ಕಂಪನಿ ಹೆಸರು ಬೇರೆಯೇ ಬಂದರೆ ಗಾಬರಿ ಬೇಡ. ಉತ್ತರ ಕೊಟ್ಟಿದ್ದು ನಡುವಿನ ಯುಎಸ್‌ಬಿ ಚಿಪ್. ಒಳಗಿನ ಡಿಸ್ಕ್ ತಲುಪಲು ಎಟಿಎ (ಸಾಟಾ ಡಿಸ್ಕಿನ ಭಾಷೆ) ಪಾಸ್-ಥ್ರೂ ಕಮಾಂಡ್ ಬೇಕು, ಕೆಲವು ಚಿಪ್‌ಗಳು ಅದನ್ನೂ ಬಿಡುವುದಿಲ್ಲ. ಆಗ ಡಿಸ್ಕನ್ನು ಕೇಸಿನಿಂದ ಬಿಚ್ಚಿ ನೇರ ಸಾಟಾ ಕೇಬಲ್‌ಗೆ ಹಾಕುವುದೇ ವಾಸಿ.